ತೇಲುವ ಹಿಮ, ನೆಲದ ಹಿಮ: ಧ್ರುವಪ್ರದೇಶಗಳ ಕರಗುವಿಕೆಯ ಕುರಿತು ಒಂದು ಟಿಪ್ಪಣಿ

ಧ್ರುವಪ್ರದೇಶದ ಹಿಮ ಕರಗಿದರೆ ಸಮುದ್ರಮಟ್ಟ ಏರುತ್ತದೆ ಎಂದು ಉತ್ತರಪತ್ರಿಕೆಯಲ್ಲಿ ಒಂದೇ ಸಾಲು ಬರೆದು ಮುಗಿಸುವವರೇ ನಮ್ಮಲ್ಲಿ ಹೆಚ್ಚು. ಆ ಸಾಲು ಅರ್ಧ ಮಾತ್ರ ಸರಿ. ಕರಗುತ್ತಿರುವ ಹಿಮವು ನೀರಿನ ಮೇಲೆ ತೇಲುತ್ತಿದೆಯೋ ನೆಲದ ಮೇಲೆ ಕೂತಿದೆಯೋ ಎಂಬುದನ್ನು ಮೊದಲು ಕೇಳಿಕೊಳ್ಳದಿದ್ದರೆ ಈ ಅಧ್ಯಾಯದ ಉಳಿದ ಭಾಗ ತಲೆಗೆ ಹತ್ತುವುದು ಕಷ್ಟ.

ಸಮುದ್ರದ ಉಪ್ಪುನೀರು ಸುಮಾರು ಮೈನಸ್ 1.8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟಿ ಉಂಟಾಗುವುದು ಸಮುದ್ರ ಹಿಮ. ಸ್ಟೀಲ್ ಲೋಟಕ್ಕೆ ಅಂಚಿನವರೆಗೆ ನೀರು ತುಂಬಿ, ಅದರಲ್ಲಿ ಒಂದು ಐಸ್ ತುಂಡನ್ನು ತೇಲಿಬಿಟ್ಟು, ಚೆಲ್ಲಿದ ನೀರನ್ನು ಒರೆಸಿ ಕಾಯಿರಿ. ತುಂಡು ಪೂರ್ತಿ ಕರಗಿದರೂ ಒಂದು ಹನಿಯೂ ಹೊರಚೆಲ್ಲುವುದಿಲ್ಲ. (ಲೋಟದ ಹೊರಮೈ ಒದ್ದೆಯಾಗುವುದು ಗಾಳಿಯ ತೇವಾಂಶದಿಂದ, ಅದನ್ನು ಚೆಲ್ಲಿದ ನೀರೆಂದು ಭ್ರಮಿಸಬಾರದು.) ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಮೊದಲೇ ಸರಿಸಿರುತ್ತದೆ ಎಂಬ ಆರ್ಕಿಮಿಡೀಸ್ ತತ್ತ್ವವೇ ಇದಕ್ಕೆ ಕಾರಣ.

ಹಾಗಿದ್ದರೆ ಸಮುದ್ರ ಹಿಮ ಕರಗುವುದರಿಂದ ಆಗುವ ನಷ್ಟವೇನು? ನಷ್ಟವಿರುವುದು ಬಿಸಿಲಿನ ಲೆಕ್ಕದಲ್ಲಿ. ಹೊಸ ಹಿಮ ಮುಚ್ಚಿದ ಬಿಳಿಯ ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ 80ಕ್ಕೂ ಹೆಚ್ಚನ್ನು ಹಿಂದಕ್ಕೆ ಕಳುಹಿಸಿದರೆ, ತೆರೆದ ಕಡಲು ಶೇ 90ಕ್ಕೂ ಹೆಚ್ಚನ್ನು ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಹೀಗೆ ಕೂಡಿಟ್ಟ ಶಾಖವನ್ನು ಕಡಲು ಶರತ್ಕಾಲ ಮತ್ತು ಚಳಿಗಾಲದಲ್ಲಿ ಗಾಳಿಗೆ ಬಿಟ್ಟುಕೊಡುವುದರಿಂದ ಹೊಸ ಹಿಮ ತಡವಾಗಿ, ತೆಳುವಾಗಿ ಕಟ್ಟುತ್ತದೆ, ಮರುವರ್ಷ ಬೇಗ ಕರಗುತ್ತದೆ. ಆರ್ಕ್ಟಿಕ್‌ನ ತಾಪ ಹೆಚ್ಚು ಏರಿರುವುದು ಬೇಸಿಗೆಯಲ್ಲಲ್ಲ, ಚಳಿಗಾಲದಲ್ಲಿ ಎಂಬ ವಿಚಿತ್ರಕ್ಕೆ ವಿವರಣೆ ಇಲ್ಲಿದೆ. ಉಪಗ್ರಹಗಳ ನಿರಂತರ ದಾಖಲೆ 1979ರಿಂದ ಲಭ್ಯವಿದ್ದು, 2012ರ ಸೆಪ್ಟೆಂಬರಿನಲ್ಲಿ ಅಲ್ಲಿನ ಹಿಮ ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ, ಅಂದರೆ 1980ರ ದಶಕದ ಅದೇ ತಿಂಗಳ ಸರಾಸರಿಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು.

ಇದೇ ಉತ್ತರವನ್ನು ದಕ್ಷಿಣಕ್ಕೂ ಅಂಟಿಸಬೇಡಿ. ಆರ್ಕ್ಟಿಕ್ ನೆಲ ಸುತ್ತುವರಿದ ಕಡಲು, ಅಂಟಾರ್ಕ್ಟಿಕಾ ಕಡಲು ಸುತ್ತುವರಿದ ನೆಲ. ಅಲ್ಲಿನ ಸಮುದ್ರ ಹಿಮ 2014ರಲ್ಲಿ 2 ಕೋಟಿ ಚದರ ಕಿಲೋಮೀಟರ್ ದಾಟಿ ಗರಿಷ್ಠ ದಾಖಲೆ ಬರೆದು, 2023ರ ಫೆಬ್ರವರಿಯಲ್ಲಿ ಸುಮಾರು 18 ಲಕ್ಷಕ್ಕೆ ಕುಸಿದು ಕನಿಷ್ಠ ದಾಖಲೆಯನ್ನೂ ಬರೆಯಿತು.

ಇನ್ನು ನೆಲದ ಹಿಮ. ಒಂದು ಲೆಕ್ಕವನ್ನು ಬಿಡಿಸಿಟ್ಟುಕೊಂಡರೆ ಅಂಕಿಗಳು ತಾವಾಗಿಯೇ ಅರ್ಥವಾಗುತ್ತವೆ. ಜಗತ್ತಿನ ಸಾಗರಗಳ ವಿಸ್ತೀರ್ಣ ಸುಮಾರು 36 ಕೋಟಿ ಚದರ ಕಿಲೋಮೀಟರ್. ಅದರ ಮೇಲೆ 1 ಮಿಲಿಮೀಟರ್ ನೀರು ನಿಲ್ಲಲು 360 ಘನ ಕಿಲೋಮೀಟರ್, ಅಂದರೆ 36,000 ಕೋಟಿ ಟನ್ ನೀರು ಬೇಕು. 2019ರಲ್ಲಿ ಗ್ರೀನ್‌ಲೆಂಡ್ ಒಂದೇ ಸುಮಾರು 53,000 ಕೋಟಿ ಟನ್ ಹಿಮ ಕಳೆದುಕೊಂಡಿತು. ಅಂದರೆ ಆ ಒಂದು ವರ್ಷದಲ್ಲಿ ಅದರಿಂದಾದ ಸಮುದ್ರಮಟ್ಟದ ಏರಿಕೆ ಸುಮಾರು ಒಂದೂವರೆ ಮಿಲಿಮೀಟರ್. ಗ್ರೀನ್‌ಲೆಂಡಿನ ಹಿಮವೆಲ್ಲ ಕರಗಿದರೆ ಏರಿಕೆ ಸುಮಾರು 7 ಮೀಟರ್, ಅಂಟಾರ್ಕ್ಟಿಕಾದ್ದಾದರೆ 58 ಮೀಟರಿನ ಆಸುಪಾಸು.

ತೇಲುವ ಹಿಮಕ್ಕೂ ನೆಲದ ಹಿಮಕ್ಕೂ ನಂಟು ಬೀಳುವ ಜಾಗವೇ ನನ್ನ ಮಟ್ಟಿಗೆ ಈ ಪಾಠದ ತಿರುಳು. ಹಿಮನದಿಗಳು ಕಡಲ ಮೇಲಕ್ಕೆ ಚಾಚಿಕೊಂಡಾಗ ಅವುಗಳ ಮುಂಭಾಗ ದಪ್ಪ ಹಲಗೆಯಂತೆ ತೇಲುತ್ತ, ಹಿಂದಿನ ಹಿಮಕ್ಕೆ ಒಡ್ಡಾಗಿ ನಿಲ್ಲುತ್ತದೆ. ಅಂಟಾರ್ಕ್ಟಿಕಾದ ಲಾರ್ಸೆನ್ ಬಿ ಎಂಬ ಇಂಥ ಹಲಗೆಯ ಸುಮಾರು 3,250 ಚದರ ಕಿಲೋಮೀಟರ್ 2002ರ ಆರಂಭದಲ್ಲಿ ತಿಂಗಳೊಪ್ಪತ್ತಿನಲ್ಲಿ ಚೂರಾಯಿತು. ತೇಲುತ್ತಿದ್ದುದರಿಂದ ಅದು ನೇರವಾಗಿ ಸಮುದ್ರಮಟ್ಟವನ್ನು ಏರಿಸಲಿಲ್ಲ. ಆದರೆ ಒಡ್ಡು ಹೋದ ಮೇಲೆ ಹಿಂದಿದ್ದ ಹಿಮನದಿಗಳ ವೇಗ ಹಲವು ಪಟ್ಟು ಹೆಚ್ಚಿತು. ಪಶ್ಚಿಮ ಅಂಟಾರ್ಕ್ಟಿಕಾದ ಥ್ವೇಟ್ಸ್ ಹಿಮನದಿಯ ಬಗ್ಗೆ ಆತಂಕವಿರುವುದೂ ಇದೇ ಕಾರಣಕ್ಕೆ. ಸುಮಾರು 120 ಕಿಲೋಮೀಟರ್ ಅಗಲದ ಅದರ ತಳ ಸಮುದ್ರಮಟ್ಟಕ್ಕಿಂತ ಕೆಳಗಿದ್ದು ಒಳನಾಡಿನ ಕಡೆಗೆ ಇನ್ನೂ ಆಳವಾಗುತ್ತ ಹೋಗುವುದರಿಂದ, ಬೆಚ್ಚಗಿನ ಆಳದ ನೀರು ಅಡಿಯಿಂದ ಕೊರೆದು ಹಿಮ ಹಿಂದೆ ಸರಿದಷ್ಟೂ ಇನ್ನಷ್ಟು ದಪ್ಪದ ಅಂಚು ನೀರಿಗೆ ಒಡ್ಡಿಕೊಳ್ಳುತ್ತದೆ.

ಕೊನೆಗೊಂದು ಸಂಗತಿ, ಮೊದಲು ಓದಿದಾಗ ನಾನು ಅಚ್ಚಿನ ತಪ್ಪೆಂದು ತಿಳಿದಿದ್ದೆ: ಗ್ರೀನ್‌ಲೆಂಡಿನ ಹಿಮ ಕರಗಿದರೆ ಗ್ರೀನ್‌ಲೆಂಡಿನ ಸುತ್ತಲಿನ ಸಮುದ್ರಮಟ್ಟ ಇಳಿಯುತ್ತದೆ. ಅಷ್ಟು ದೊಡ್ಡ ಹಿಮರಾಶಿ ತನ್ನ ಗುರುತ್ವದಿಂದ ಸುತ್ತಲಿನ ನೀರನ್ನು ತನ್ನತ್ತ ಸೆಳೆದು ಹಿಡಿದಿರುತ್ತದೆ; ರಾಶಿ ಕರಗಿದಂತೆ ಹಿಡಿತ ಸಡಿಲಗೊಂಡು ಆ ನೀರು ದೂರದ ಸಾಗರಗಳಿಗೆ ಹಂಚಿಹೋಗುತ್ತದೆ.