ಕೂಲಿಂಗ್ ಟವರಿನ ಸಣ್ಣ ನಡು ಗಾಳಿಯನ್ನು ಎಳೆಯುವುದಿಲ್ಲ

ಪ್ರಶ್ನೆ: ನಮ್ಮದು ಸಣ್ಣ ಕಾರ್ಖಾನೆ. ಕೂಲಿಂಗ್ ಟವರಿನ ಫ್ಯಾನ್ ಹಗಲೂ ರಾತ್ರಿ ಓಡುತ್ತದೆ, ಕರೆಂಟ್ ಬಿಲ್ಲು ಕಟ್ಟಿ ಸಾಕಾಗಿದೆ. ಥರ್ಮಲ್ ಸ್ಟೇಷನ್‌ಗಳಲ್ಲಿ ಫ್ಯಾನೇ ಇಲ್ಲದ ದೊಡ್ಡ ಟವರ್ ಇರುತ್ತವಲ್ಲ, ನಡು ಸಣ್ಣ ಮಾಡಿ ಗಾಳಿಯನ್ನು ತಾನಾಗಿ ಎಳೆಯುವಂಥವು, ಅದೇ ಆಕಾರದಲ್ಲಿ 10 ಮೀಟರ್ ಎತ್ತರದ್ದೊಂದನ್ನು ಕಟ್ಟಿಸಬಹುದೇ? ಡಿಸೈನ್ ಹೇಗೆ?

ಉತ್ತರ: ಕಟ್ಟಿಸಬೇಡಿ. 10 ಮೀಟರಿಗೆ ಅದು ಕೆಲಸ ಮಾಡುವುದಿಲ್ಲ.

ಇದೇ ಪ್ರಶ್ನೆಯನ್ನು ಡಿಪ್ಲೊಮಾ ಹುಡುಗರು ಕೇಳಿದ್ದಾರೆ, ಐಸ್ ಪ್ಲಾಂಟ್ ನಡೆಸುವವರು ಕೇಳಿದ್ದಾರೆ, ಮೆಕ್ಯಾನಿಕಲ್ ಓದಿ ಕೆಲಸಕ್ಕೆ ಸೇರಿದವರೂ ಕೇಳಿದ್ದಾರೆ. ಪ್ರತಿ ಸಲವೂ ಪ್ರಶ್ನೆಯೊಳಗೇ ಒಂದು ತಪ್ಪು ನಂಬಿಕೆ ಸೇರಿಕೊಂಡಿರುತ್ತದೆ: ‘ನಡು ಸಣ್ಣ ಮಾಡಿ ಗಾಳಿಯನ್ನು ಎಳೆಯುವಂಥವು’. ಎಷ್ಟು ಸಲ ಹೇಳಿದರೂ ಇದು ಹೋಗುತ್ತಿಲ್ಲ. ಆದ್ದರಿಂದ ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಮೊದಲು ಗಾಳಿ ಏರುವುದು ಹೇಗೆ ಎಂದು ನೋಡೋಣ. ಟರ್ಬೈನಿನಿಂದ ಹೊರಬಂದ ಉಗಿಯನ್ನು ತಣಿಸಿ ನೀರಾಗಿಸುವ ಕಂಡೆನ್ಸರಿನಿಂದ ಬಿಸಿಯಾಗಿ ಬಂದ ನೀರನ್ನು ಟವರಿನ ಬುಡದಿಂದ ಹತ್ತು ಹದಿನೈದು ಮೀಟರ್ ಮೇಲಕ್ಕೆ ಒಯ್ದು ನಾಝಲ್‌ಗಳಿಂದ ಚಿಮುಕಿಸುತ್ತಾರೆ. ಅದು ಫಿಲ್ ಮೇಲೆ, ಅಂದರೆ ಒತ್ತೊತ್ತಾಗಿ ಜೋಡಿಸಿದ ಅಲೆಯಲೆಯಾದ ಪಿವಿಸಿ ಹಾಳೆಗಳ ಮೇಲೆ, ತೆಳ್ಳಗೆ ಹರಡಿಕೊಂಡು ಇಳಿದು ಕೆಳಗಿನ ಬೇಸಿನ್ನಿಗೆ ಮಳೆಯಂತೆ ಬೀಳುತ್ತದೆ. ಬುಡದಲ್ಲಿ ಸುತ್ತಲೂ ಓರೆ ಕಂಬಗಳ ನಡುವೆ ತೆರೆದ ಜಾಗವಿದೆ. ಹೊರಗಿನ ಗಾಳಿ ಅಲ್ಲಿಂದ ನುಗ್ಗಿ, ಬೀಳುವ ನೀರಿಗೆ ಎದುರಾಗಿ ಏರುತ್ತದೆ. ನೀರಿನ ಒಂದಂಶ ಆವಿಯಾಗಿ ಗಾಳಿಗೆ ಸೇರುತ್ತದೆ, ಉಳಿದ ನೀರು ತಣ್ಣಗಾಗುತ್ತದೆ. 1 ಲೀಟರ್ ನೀರು ಆವಿಯಾದರೆ ಸುಮಾರು 58 ಲೀಟರ್ ನೀರಿನ ಬಿಸಿ 10 ಡಿಗ್ರಿ ಇಳಿಯುತ್ತದೆ. ಕೂಲಿಂಗ್ ಟವರಿನ ಬಲವೆಲ್ಲ ಈ ಆವಿಯಲ್ಲಿದೆ.

ಈಗ ಒಳಗಿನ ಗಾಳಿಗೆ ಏನಾಯಿತು? ಬಿಸಿಯಾಯಿತು, ಜೊತೆಗೆ ಒದ್ದೆಯೂ ಆಯಿತು. ಬಿಸಿ ಗಾಳಿ ಹಗುರ ಎಂಬುದು ಎಲ್ಲರಿಗೂ ಗೊತ್ತು. ಒದ್ದೆ ಗಾಳಿಯೂ ಹಗುರ ಎಂದರೆ ಮಾತ್ರ ಬಹಳ ಮಂದಿ ಒಪ್ಪುವುದಿಲ್ಲ. ಆದರೆ ನೀರಾವಿಯ ಅಣುತೂಕ 18, ಗಾಳಿಯ ಸರಾಸರಿ ಅಣುತೂಕ ಸುಮಾರು 29. ಆವಿ ಬೆರೆತಷ್ಟೂ ಗಾಳಿಯ ತೂಕ ಇಳಿಯಲೇಬೇಕು.

ಒಂದು ಲೆಕ್ಕ ಹಾಕೋಣ, ಸಮುದ್ರಮಟ್ಟದ ಒತ್ತಡಕ್ಕೆ. ಹೊರಗೆ 30 ಡಿಗ್ರಿ, ತೇವಾಂಶ ಶೇ. 60. ಒಂದು ಘನ ಮೀಟರ್ ಗಾಳಿ 1.153 ಕಿಲೋ ತೂಗುತ್ತದೆ. ಟವರಿನೊಳಗೆ ಫಿಲ್ ದಾಟಿದ ಗಾಳಿ 36 ಡಿಗ್ರಿ, ಪೂರ್ತಿ ಆವಿ ತುಂಬಿದ್ದು. ಅದರ ತೂಕ 1.116 ಕಿಲೋ. ವ್ಯತ್ಯಾಸ ಬರೀ 37 ಗ್ರಾಂ. ಈ 37ರಲ್ಲಿ ಸುಮಾರು 22 ಗ್ರಾಂ ಬಿಸಿಯಿಂದ ಬಂತು, ಮಿಕ್ಕ 15 ಆವಿಯಿಂದ. ಆವಿಯನ್ನು ಲೆಕ್ಕಕ್ಕೆ ಹಿಡಿಯದೆ ಡಿಸೈನ್ ಮಾಡಿದವರು ಎಳೆತದ ಹೆಚ್ಚು ಕಡಿಮೆ ಐದರಲ್ಲಿ ಎರಡು ಪಾಲನ್ನು ಬಿಟ್ಟುಬಿಟ್ಟಂತೆ.

ಈ ವ್ಯತ್ಯಾಸವನ್ನು ಫಿಲ್ಲಿನಿಂದ ಮೇಲಿನ ಎತ್ತರಕ್ಕೂ ಗುರುತ್ವದ 9.81ಕ್ಕೂ ಗುಣಿಸಿ. 130 ಮೀಟರಿಗೆ ಸುಮಾರು 47 ಪಾಸ್ಕಲ್ ಒತ್ತಡ ಸಿಗುತ್ತದೆ. ನಿಂತ ನೀರಿನ ಎತ್ತರದಲ್ಲಿ ಹೇಳುವುದಾದರೆ 5 ಮಿಲಿಮೀಟರಿಗೂ ಕಡಿಮೆ. ನೂರಾರು ಅಡಿ ಎತ್ತರದ ಕಾಂಕ್ರೀಟ್ ಕಟ್ಟಿ ಗಳಿಸುವುದು ಇಷ್ಟು. ಆದರೆ ಇದು ಮೋಟಾರಿಲ್ಲದೆ, ಬೇರಿಂಗ್ ಇಲ್ಲದೆ, ಗೇರ್‌ಬಾಕ್ಸ್ ಇಲ್ಲದೆ ದಶಕಗಟ್ಟಲೆ ಸಿಗುತ್ತದೆ, ಅದೇ ಇದರ ಹೆಚ್ಚುಗಾರಿಕೆ. ಈ ಲೆಕ್ಕದಲ್ಲಿ ಇರುವುದು ಎತ್ತರ ಮತ್ತು ಸಾಂದ್ರತೆ ಎರಡೇ. ಆಕಾರ ಎಲ್ಲಿಯೂ ಬಂದಿಲ್ಲ.

ಈಗ ಆ ನಡುವಿನ ವಿಷಯಕ್ಕೆ ಬರುತ್ತೇನೆ.

ಪಾಠಪುಸ್ತಕದಲ್ಲಿ ವೆಂಚುರಿ ಕೊಳವೆಯ ಚಿತ್ರ ಎಲ್ಲರೂ ನೋಡಿರುತ್ತೀರಿ. ಕೊಳವೆ ಸಣ್ಣದಾದಲ್ಲಿ ವೇಗ ಹೆಚ್ಚು, ಒತ್ತಡ ಕಡಿಮೆ. ಕೂಲಿಂಗ್ ಟವರ್ ನೋಡಿದ ಕೂಡಲೇ ಆ ಚಿತ್ರ ನೆನಪಾಗುತ್ತದೆ, ‘ಓಹೋ, ಒತ್ತಡ ಇಳಿಸಿ ಕೆಳಗಿನ ಗಾಳಿಯನ್ನು ಎಳೆಯುವುದಕ್ಕೇ ನಡು ಸಣ್ಣ’ ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ಆ ಚಿತ್ರದ ಅರ್ಧ ಮಾತ್ರ ನೆನಪಿಟ್ಟುಕೊಂಡಿದ್ದರ ಫಲ ಇದು. ವೆಂಚುರಿಯಲ್ಲಿ ಗಾಳಿಗೆ ಹೊಸ ಶಕ್ತಿ ಬರುವುದಿಲ್ಲ. ಸಣ್ಣ ಜಾಗದಲ್ಲಿ ವೇಗ ಹೆಚ್ಚುವುದು ಅಷ್ಟೇ ಗಾಳಿ ಅಷ್ಟೇ ಹೊತ್ತಿನಲ್ಲಿ ಅಲ್ಲಿಂದ ದಾಟಬೇಕಾದ್ದರಿಂದ. ಆ ವೇಗದ ಖರ್ಚನ್ನು ಒತ್ತಡವೇ ಭರಿಸುತ್ತದೆ, ಮುಂದೆ ಕೊಳವೆ ಅಗಲವಾದಾಗ ಅದರಲ್ಲಿ ಹೆಚ್ಚಿನದು ವಾಪಸ್ ಬರುತ್ತದೆ, ಒಂದಿಷ್ಟು ಘರ್ಷಣೆಯಲ್ಲಿ ಕಳೆದೇ ಹೋಗುತ್ತದೆ. ಎಲ್ಲ ಕೂಡಿಸಿ ಕಳೆದರೆ ನಡುವಿನಿಂದ ನಷ್ಟವೇ ಹೊರತು ಲಾಭವಿಲ್ಲ.

ನಷ್ಟವಾದರೂ ಎಷ್ಟು? ದೊಡ್ಡ ಟವರಿನ ನಡುವಿನಲ್ಲಿ ಗಾಳಿಯ ವೇಗ ಸೆಕೆಂಡಿಗೆ 3–4 ಮೀಟರ್. ಅದರ ಚಲನ ಒತ್ತಡ, ಅಂದರೆ ಆ ವೇಗಕ್ಕೆ ಖರ್ಚಾಗುವ ಒತ್ತಡ, 10 ಪಾಸ್ಕಲ್ ಒಳಗೇ. ನಡುವಿನ ಮೇಲೆ ಬಾಯಿ ಸ್ವಲ್ಪ ಅರಳುವುದರಿಂದ ಅದರಲ್ಲಿ ಒಂದೆರಡು ಪಾಸ್ಕಲ್ ಮರಳಿ ಸಿಗಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. 47 ಪಾಸ್ಕಲಿನ ಮುಂದೆ ಒಂದೆರಡು! ಗಾಳಿಗೆ ನಿಜವಾದ ಅಡ್ಡಿ ಇರುವುದು ಕೆಳಗೆ: ಬುಡದಲ್ಲಿ ಒಳಬರುವಾಗಿನ ತಿರುವು, ಬೀಳುವ ಮಳೆ, ಫಿಲ್, ಅದರ ಮೇಲೆ ಹನಿಗಳನ್ನು ಹಿಡಿಯುವ ಡ್ರಿಫ್ಟ್ ಎಲಿಮಿನೇಟರ್. ಡಿಸೈನರ್‌ಗಳ ತಲೆನೋವೆಲ್ಲ ಅಲ್ಲಿಯೇ.

ಇನ್ನೂ ನಂಬಿಕೆ ಬಾರದಿದ್ದರೆ ಶಟ್‌ಡೌನ್ ಸಮಯದಲ್ಲಿ ಯಾವುದಾದರೂ ಟವರಿನ ಒಳಗೆ, ಫಿಲ್ ಮೇಲಿನ ನಡೆಹಲಗೆಯ ಮೇಲೆ ನಿಂತು ತಲೆಯೆತ್ತಿ ನೋಡಿ. ಕಾಲಡಿಯಲ್ಲಿ ನಾಝಲ್‌ಗಳ ಸಾಲು, ಪೈಪು, ಪಾಚಿ ಕಟ್ಟಿದ ಹಾಳೆಗಳು. ತಲೆಯ ಮೇಲೆ ನೂರು ಮೀಟರಿಗೂ ಹೆಚ್ಚು ಎತ್ತರಕ್ಕೆ ಏನೆಂದರೆ ಏನೂ ಇಲ್ಲ, ಕಾಂಕ್ರೀಟಿನ ಗೋಡೆ ಮತ್ತು ದುಂಡನೆಯ ಆಕಾಶ. ನೀರು ತಣ್ಣಗಾಗುವ ಕೆಲಸವೆಲ್ಲ ನಡೆಯುವುದು ನಿಮ್ಮ ಪಾದದ ಕೆಳಗೆ. ನಡು ಇರುವುದು ಒಟ್ಟು ಎತ್ತರದ ಮುಕ್ಕಾಲು ಭಾಗ ಏರಿದ ಮೇಲೆ. ಗಾಳಿ ಅಲ್ಲಿಗೆ ತಲುಪುವ ಹೊತ್ತಿಗೆ ಮಾಡಬೇಕಾದ್ದನ್ನೆಲ್ಲ ಮಾಡಿ ಮುಗಿಸಿರುತ್ತದೆ.

ಚರಿತ್ರೆಯೂ ಇದನ್ನೇ ಹೇಳುತ್ತದೆ. 20ನೇ ಶತಮಾನದ ಆರಂಭದಲ್ಲಿ ಯುರೋಪಿನಲ್ಲಿ ಮರದ ಹಲಗೆ ಹೊಡೆದ ಕೂಲಿಂಗ್ ಟವರ್‌ಗಳಿದ್ದವು. ಬುಡದಲ್ಲಿ ನೀರು ಬೀಳುವ ಜಾಗ, ಮೇಲೆ ಚೌಕಾಕಾರದ ಉದ್ದನೆಯ ಚಿಮಣಿ. ನಡುವೂ ಇಲ್ಲ, ಬಾಗೂ ಇಲ್ಲ. ಗಾಳಿ ಚೆನ್ನಾಗಿಯೇ ಏರುತ್ತಿತ್ತು. ಅವುಗಳ ತೊಂದರೆ ಬೇರೆ: ಮರ ಕೊಳೆಯುತ್ತಿತ್ತು, ಬಹಳ ಎತ್ತರಕ್ಕೆ ಕಟ್ಟಲು ಆಗುತ್ತಿರಲಿಲ್ಲ. ನೆದರ್ಲೆಂಡ್ಸಿನ ಸರ್ಕಾರಿ ಕಲ್ಲಿದ್ದಲು ಗಣಿಯ ಫ್ರೆಡರಿಕ್ ವಾನ್ ಇಟರ್ಸನ್ ಮತ್ತು ಗೆರಾರ್ಡ್ ಕುಯ್ಪರ್ಸ್ ಇದಕ್ಕೆ ಕಾಂಕ್ರೀಟಿನಲ್ಲಿ ಉತ್ತರ ಹುಡುಕಿದರು. 1918ರಲ್ಲಿ ಹೀರ್ಲೆನ್ ಬಳಿಯ ಎಮ್ಮಾ ಗಣಿಯಲ್ಲಿ ನಡು ಸಣ್ಣಗಿರುವ ಮೊದಲ ಟವರ್ ಎದ್ದಿತು. ಅವರು ಹುಡುಕಿದ್ದು ಕಡಿಮೆ ಕಾಂಕ್ರೀಟಿನಲ್ಲಿ ಎತ್ತರಕ್ಕೆ ಗಟ್ಟಿಯಾಗಿ ನಿಲ್ಲುವ ಗೋಡೆಯನ್ನು.

ಹಾಗಾದರೆ ಈ ಆಕಾರ ಯಾಕೆ ಗಟ್ಟಿ? ಬಿದಿರು ಕಡ್ಡಿಗಳನ್ನು ಓರೆಯಾಗಿ ಹೆಣೆದು ಮಾಡಿದ ಕೂರುವ ಸ್ಟೂಲನ್ನು ನೋಡಿರುತ್ತೀರಿ. ಒಂದೊಂದು ಕಡ್ಡಿಯೂ ನೇರ, ಆದರೆ ಒಟ್ಟು ಸ್ಟೂಲಿಗೆ ಸಣ್ಣ ನಡು. ಎಷ್ಟು ದಪ್ಪ ಆಳು ಕೂತರೂ ಜಗ್ಗುವುದಿಲ್ಲ. ಟವರಿನ ಮೇಲ್ಮೈಯೂ ಹೀಗೆ ಓರೆಯಾದ ನೇರ ಗೆರೆಗಳಿಂದಲೇ ಹುಟ್ಟುತ್ತದೆ. ಅದು ಸುತ್ತಲೂ ಒಂದು ಕಡೆಗೆ ಬಾಗಿದೆ, ಮೇಲಿನಿಂದ ಕೆಳಕ್ಕೆ ಇನ್ನೊಂದು ಕಡೆಗೆ. ಹೀಗೆ ಎರಡು ಬಾಗು ಇರುವ ಗೋಡೆಯನ್ನು ಬಿರುಗಾಳಿ ಒಳಕ್ಕೆ ಒತ್ತಿ ಮಡಚುವುದು ಕಷ್ಟ. ಆದ್ದರಿಂದಲೇ ನೂರು ಮೀಟರ್ ದಾಟಿದ ಟವರಿನ ಗೋಡೆ ಬಹುಪಾಲು ಎತ್ತರದಲ್ಲಿ 20 ಸೆಂಟಿಮೀಟರ್ ಆಸುಪಾಸು ದಪ್ಪವಿದ್ದರೆ ಸಾಕಾಗುತ್ತದೆ. ಬುಡ ಅಗಲ ಇರುವುದು ಫಿಲ್ಲಿಗೆ ಜಾಗ ಬೇಕೆಂದು, ಗಾಳಿ ಧಾರಾಳವಾಗಿ ಒಳಬರಲೆಂದು. ಮೇಲೆ ಅಷ್ಟು ಅಗಲ ಬೇಕಿಲ್ಲ, ಕಾಂಕ್ರೀಟ್ ದಂಡ. ಹಾಗಾಗಿ ಕಿರಿದು ಮಾಡುತ್ತಾರೆ.

ಗಾಳಿಗೂ ಆಕಾರಕ್ಕೂ ಸಂಬಂಧವೇ ಇಲ್ಲವೆಂದಲ್ಲ. ಸಂಬಂಧ ಇರುವುದು ಹೊರಗಿನ ಗಾಳಿಗೆ. ಇಂಗ್ಲೆಂಡಿನ ಯಾರ್ಕ್‌ಷೈರಿನ ಫೆರ್ರಿಬ್ರಿಜ್‌ನಲ್ಲಿ 114 ಮೀಟರಿನ ಎಂಟು ಟವರ್‌ಗಳನ್ನು ಗುಂಪಾಗಿ ಕಟ್ಟಿದ್ದರು. 1965ರ ನವೆಂಬರ್ 1ರಂದು ಬಿರುಗಾಳಿಗೆ ಮೂರು ಕುಸಿದು ಬಿದ್ದವು. ಬಿದ್ದದ್ದು ಗಾಳಿಗೆ ಎದುರಾಗಿದ್ದ ಸಾಲಿನವಲ್ಲ, ಅವುಗಳ ಮರೆಯಲ್ಲಿದ್ದವು! ಮುಂದಿನ ಟವರ್‌ಗಳ ಸಂದಿನಿಂದ ನುಗ್ಗಿದ ಗಾಳಿ ಸುಳಿಸುಳಿಯಾಗಿ ಹಿಂದಿನವನ್ನು ಅಲುಗಾಡಿಸಿತು. ಡಿಸೈನ್ ಮಾಡುವಾಗ ಗಾಳಿಯ ವೇಗವನ್ನು ಒಂದು ನಿಮಿಷದ ಸರಾಸರಿಯಲ್ಲಿ ಹಿಡಿದಿದ್ದರು, ಕ್ಷಣಕಾಲದ ಹೊಡೆತವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಒಂಟಿ ಟವರನ್ನು ಯೋಚಿಸಿದ್ದರು, ಗುಂಪನ್ನಲ್ಲ. ಇಂದಿಗೂ ಟವರ್‌ಗಳ ನಡುವಿನ ಅಂತರ ನಿರ್ಧರಿಸುವವರು ಈ ಪಾಠವನ್ನು ಮರೆಯುವುದಿಲ್ಲ.

ನಿಮ್ಮ 10 ಮೀಟರಿನ ಟವರಿಗೆ ಈಗ ನೀವೇ ಲೆಕ್ಕ ಹಾಕಬಹುದು. ಅದೇ 37 ಗ್ರಾಂ ಹಿಡಿದರೆ 3.6 ಪಾಸ್ಕಲ್. ಅದೂ ಫಿಲ್ಲಿನ ಎತ್ತರ ಕಳೆಯದೆ. ಇಷ್ಟರಿಂದ ಗಾಳಿ ಒತ್ತಾದ ಫಿಲ್ಲನ್ನು ದಾಟಿ ಏರುವುದು ಆಗದ ಮಾತು. ನಡುವನ್ನು ಎಷ್ಟೇ ಬಿಗಿದರೂ ಈ ಅಂಕಿ ಮೇಲೇರುವುದಿಲ್ಲ. ಸಣ್ಣ ಪ್ರಮಾಣದಲ್ಲಿ ಫ್ಯಾನ್ ಬೇಡವೆಂದರೆ ಬೇರೆ ದಾರಿಗಳಿವೆ. ಜಾಗವಿದ್ದರೆ ಸಕ್ಕರೆ ಕಾರ್ಖಾನೆಗಳಲ್ಲಿರುವಂಥ ಸ್ಪ್ರೇ ಪಾಂಡ್, ಅಂದರೆ ಬಿಸಿ ನೀರನ್ನು ಚಿಮ್ಮಿಸಿ ತಣಿಸುವ ಕೊಳ. ಗಾಳಿ ಬೀಸುವ ಬಯಲಾದರೆ ಬದಿಗಳಲ್ಲಿ ಓರೆ ಪಟ್ಟಿ ಹೊಡೆದು, ಅಡ್ಡಗಾಳಿಯಿಂದಲೇ ತಣಿಸುವ ಲೂವರ್ ಟವರ್. ಎರಡರಲ್ಲೂ ಹನಿ ಹಾರಿ ನೀರು ಹೆಚ್ಚು ಪೋಲಾಗುತ್ತದೆ, ಗಾಳಿ ನಿಂತ ದಿನ ನೀರು ಸರಿಯಾಗಿ ತಣಿಯುವುದಿಲ್ಲ. ನನ್ನನ್ನು ಕೇಳಿದರೆ ಇರುವ ಫ್ಯಾನಿಗೆ ವಿಎಫ್‌ಡಿ, ಅಂದರೆ ಮೋಟಾರಿನ ವೇಗವನ್ನು ಬೇಕಾದಂತೆ ಬದಲಿಸುವ ಸಾಧನ, ಹಾಕಿಸಿ, ರಾತ್ರಿ ಮತ್ತು ಚಳಿಗಾಲದಲ್ಲಿ ವೇಗ ತಗ್ಗಿಸಿ. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಅದು ಎಳೆಯುವ ವಿದ್ಯುತ್ತು ಹೆಚ್ಚು ಕಡಿಮೆ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದಕ್ಕೂ ಮೊದಲು ಕಟ್ಟಿಕೊಂಡ ನಾಝಲ್‌ಗಳನ್ನೂ ಉಪ್ಪು ಹಿಡಿದ ಫಿಲ್ಲನ್ನೂ ತೊಳೆಸಿ.

ಟವರಿನ ತುದಿಯಲ್ಲಿ ಕಾಣುವುದು ಹೊಗೆಯಲ್ಲ, ಆವಿ ತಣಿದು ಆದ ಹನಿಗಳು ಎಂಬುದನ್ನು ಬಹುತೇಕರು ಈಗ ತಿಳಿದಿದ್ದಾರೆ. ‘ಅಣುಸ್ಥಾವರ ಎಂದರೆ ಆ ಟವರ್’ ಎಂಬ ಇನ್ನೊಂದು ತಪ್ಪು ನಂಬಿಕೆ ಮಾತ್ರ ಉಳಿದುಕೊಂಡಿದೆ. ನಮ್ಮ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳು ಕದ್ರಾ ಜಲಾಶಯದ ನೀರಿನಿಂದಲೇ ತಣಿಯುತ್ತವೆ, ಅವಕ್ಕೆ ಇಂಥ ಟವರ್ ಇಲ್ಲ. ರಾಜಸ್ಥಾನದ ಝಾಲಾವಾಡದ ಕಾಲಿಸಿಂಧ್‌ನಲ್ಲಿ 202 ಮೀಟರಿನ ಟವರ್‌ಗಳಿವೆ, ಅದು ಕಲ್ಲಿದ್ದಲಿನ ಸ್ಥಾವರ.

ನೀವು ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಬೇಕೆನಿಸುತ್ತಿದೆ, ಯಾಕೆಂದರೆ ನಮ್ಮ ಬಿಸಿಲು ನಾಡಿಗೆ ಅದೇ ಮುಖ್ಯ. ಇಂಥ ಟವರ್ ಯಾವ ಹವೆಯಲ್ಲಿ ಚೆನ್ನಾಗಿ ನಡೆಯುತ್ತದೆ?

ನೀರು ಎಷ್ಟು ತಣಿಯಬಹುದು ಎಂಬುದಕ್ಕೆ ಮಿತಿ ಹಾಕುವುದು ಒದ್ದೆ ಬಲ್ಬಿನ ತಾಪಮಾನ, ಅಂದರೆ ಥರ್ಮಾಮೀಟರಿನ ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿ ಹಾಯಿಸಿದಾಗ ತೋರುವ ಅಂಕಿ. ರಾಯಚೂರಿನ ಕಡೆ ಮೇ ಮಧ್ಯಾಹ್ನ 42 ಡಿಗ್ರಿ, ತೇವಾಂಶ ಶೇ. 20 ಇದ್ದರೆ ಆ ಅಂಕಿ ಸುಮಾರು 24. ಮಂಗಳೂರಿನ ಮಳೆಗಾಲದಲ್ಲಿ 28 ಡಿಗ್ರಿ, ತೇವಾಂಶ ಶೇ. 90 ಇದ್ದರೆ ಸುಮಾರು 26.5. ಅಂದರೆ ಫ್ಯಾನ್ ಇರುವ ಟವರಿಗೆ ರಾಯಚೂರಿನ ಬಿರುಬಿಸಿಲೇ ಅನುಕೂಲ.

ಫ್ಯಾನ್ ಇಲ್ಲದ ಟವರಿಗೆ ಹಾಗಲ್ಲ. 42 ಡಿಗ್ರಿಯ ಒಣಗಾಳಿಯ ತೂಕ ಘನ ಮೀಟರಿಗೆ 1.113 ಕಿಲೋ. ಒಳಗಿನ 36 ಡಿಗ್ರಿಯ ಒದ್ದೆ ಗಾಳಿ 1.116. ಒಳಗಿನದೇ ಕೂದಲೆಳೆಯಷ್ಟು ಭಾರ! ಎಳೆತ ಹುಟ್ಟಬೇಕಾದರೆ ಒಳಗಿನ ಗಾಳಿ ಇನ್ನೂ ಬಿಸಿಯಾಗಬೇಕು. 38 ಡಿಗ್ರಿಗೆ ಏರಿದರೆ 130 ಮೀಟರಿನಲ್ಲಿ ಸುಮಾರು 9 ಪಾಸ್ಕಲ್, 40ಕ್ಕೆ ಏರಿದರೆ 22ರಷ್ಟು. ಒಳಗಿನ ಗಾಳಿ ಹಾಗೆ ಬಿಸಿಯಾಗುವುದು ನೀರೇ ಬಿಸಿಯಾದಾಗ. ಬಿಸಿ ನೀರು ಕಂಡೆನ್ಸರಿಗೆ ಮರಳಿದರೆ ಅದರೊಳಗಿನ ವ್ಯಾಕ್ಯೂಮ್ (ನಿರ್ವಾತ) ಇಳಿಯುತ್ತದೆ, ಟರ್ಬೈನಿನ ಉತ್ಪಾದನೆ ತಗ್ಗುತ್ತದೆ, ಅದೂ ಊರಿಗೆಲ್ಲ ಕರೆಂಟ್ ಹೆಚ್ಚು ಬೇಕಾದ ಹೊತ್ತಿನಲ್ಲೇ. ತಂಪು ಮತ್ತು ತೇವದ ಹವೆಯಿರುವ ಯುರೋಪಿನಲ್ಲಿ ಈ ಟವರ್ ಅಷ್ಟು ಹಬ್ಬಿದ್ದಕ್ಕೂ, ಬಿಸಿ ಒಣಹವೆಯ ಕಡೆ ಎಂಜಿನಿಯರ್‌ಗಳು ಫ್ಯಾನ್ ಇರುವ ಟವರಿನತ್ತ ಒಲಿಯುವುದಕ್ಕೂ ಇದೊಂದು ಮುಖ್ಯ ಕಾರಣ.

ಆದ್ದರಿಂದ ದೊಡ್ಡ ಸ್ಥಾವರದ ಟವರ್ ಡಿಸೈನ್ ಕಲಿಯುತ್ತಿರುವವರಿಗೆ ಒಂದು ಮಾತು: ವರ್ಷದ ಸರಾಸರಿ ತಾಪಮಾನ ಹಿಡಿದು ಎತ್ತರ ನಿರ್ಧರಿಸಬೇಡಿ. ಆ ಊರಿನ ಒಣ ಬಲ್ಬು (ಸಾಮಾನ್ಯ ಥರ್ಮಾಮೀಟರ್ ತೋರುವ ತಾಪಮಾನ), ಒದ್ದೆ ಬಲ್ಬು ಎರಡರ ಗಂಟೆಗಂಟೆಯ ಅಂಕಿಗಳನ್ನೂ ತರಿಸಿಕೊಳ್ಳಿ. ಏಪ್ರಿಲ್ ಮತ್ತು ಮೇ ತಿಂಗಳ ಮಧ್ಯಾಹ್ನ 1ರಿಂದ 5ರವರೆಗಿನದನ್ನು ಬೇರೆಯಾಗಿ ತೆಗೆದು, ಅಷ್ಟಕ್ಕೇ ಎಳೆತದ ಲೆಕ್ಕ ಇನ್ನೊಮ್ಮೆ ಮಾಡಿ.