ಪ್ರೊಪೆಲ್ಲರ್ ಶಾಫ್ಟಿನ ಎರಡು ಸೀಲುಗಳು: ಹಳೆಯ ಔಟ್‌ಬೋರ್ಡ್ ಎಂಜಿನ್ ದುರಸ್ತಿಯ ಟಿಪ್ಪಣಿ

ದೋಣಿಯ ಹಿಂಬದಿಗೆ ತಗುಲಿಸುವ ಹಳೆಯ ಔಟ್‌ಬೋರ್ಡ್ ಎಂಜಿನ್ನಿನ ಗೇರ್‌ಕೇಸಿನಿಂದ (ನೀರಿನಲ್ಲಿ ಮುಳುಗಿರುವ, ಗೇರುಗಳಿರುವ ಕೆಳಭಾಗದಿಂದ) ಇಳಿಸಿದ ಎಣ್ಣೆ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಎಂದೇ ತಿಳಿಯಬೇಕು. ಬಣ್ಣ ನೋಡಿಯೂ ಅನುಮಾನ ಉಳಿದರೆ ಎಂಜಿನ್ನನ್ನು ರಾತ್ರಿಯಿಡೀ ನೆಟ್ಟಗೆ ನಿಲ್ಲಿಸಿ, ಬೆಳಿಗ್ಗೆ ಕೆಳಗಿನ ಡ್ರೈನ್ ಪ್ಲಗ್ಗನ್ನು ಸ್ವಲ್ಪವೇ ಸಡಿಲಿಸಬೇಕು. ಎಣ್ಣೆಗಿಂತ ಭಾರವಾದ ನೀರು ತಳದಲ್ಲಿ ನಿಂತಿರುವುದರಿಂದ ಮೊದಲು ತೊಟ್ಟಿಕ್ಕುವುದು ಅದೇ. ನೀರಿಗೆ ದಾರಿಗಳು ಹಲವಿವೆ: ಪ್ಲಗ್ಗಿನ ವಾಷರ್, ಗೇರ್ ಬದಲಿಸುವ ಕಡ್ಡಿಯ ಸೀಲ್, ಮೇಲಿನ ಡ್ರೈವ್ ಶಾಫ್ಟಿನ ಸೀಲ್, ಪ್ರೊಪೆಲ್ಲರ್ ಶಾಫ್ಟಿನ ಬೇರಿಂಗನ್ನೂ ಸೀಲುಗಳನ್ನೂ ಹಿಡಿದಿಡುವ ಬೇರಿಂಗ್ ಕ್ಯಾರಿಯರಿನ ಓ-ರಿಂಗ್. ವಾಷರ್ ಅಗ್ಗದ ವಸ್ತುವಾದ್ದರಿಂದ ಅದನ್ನು ಯೋಚಿಸದೆ ಬದಲಿಸಿಬಿಡುವುದು ಒಳ್ಳೆಯದು. ಈ ಟಿಪ್ಪಣಿ ಪ್ರೊಪೆಲ್ಲರ್ ಶಾಫ್ಟಿನ ಸೀಲುಗಳಿಗೆ ಮಾತ್ರ ಸಂಬಂಧಿಸಿದ್ದು.

ತುಂಗಭದ್ರಾ ಹಿನ್ನೀರಿನಲ್ಲಿ ಈ ಸೀಲುಗಳಿಗೆ ಇಬ್ಬರು ಶತ್ರುಗಳಿದ್ದಾರೆ. ಒಂದು, ಬಲೆಯಿಂದ ಕಿತ್ತುಬಂದ ನೈಲಾನ್ ದಾರ. ಅದು ಪ್ರೊಪೆಲ್ಲರಿನ ಹಿಂದೆ ಶಾಫ್ಟಿಗೆ ಸುತ್ತಿಕೊಂಡು, ಬಿಗಿಯುತ್ತ ಒಳಸರಿದು, ಸೀಲಿನ ಲಿಪ್ಪನ್ನು, ಅಂದರೆ ಶಾಫ್ಟಿಗೆ ಒತ್ತಿಕೊಂಡಿರುವ ಅದರ ರಬ್ಬರ್ ಅಂಚನ್ನು, ಕತ್ತರಿಸುತ್ತದೆ. ಹಾಗಾಗಿ ಪ್ರೊಪೆಲ್ಲರ್ ಕಳಚಿದ ಕೂಡಲೇ ಮೊದಲು ಹುಡುಕಬೇಕಾದದ್ದು ಈ ದಾರವನ್ನು. ಎರಡನೆಯದು ಹೂಳು. 133 ಟಿಎಂಸಿಯಷ್ಟಿದ್ದ ಜಲಾಶಯದ ಸಾಮರ್ಥ್ಯ ಈಗ 105 ಟಿಎಂಸಿಯ ಆಸುಪಾಸಿಗೆ ಇಳಿದಿರುವುದು ಇದೇ ಹೂಳಿನಿಂದ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ದೋಣಿ ಕೆಸರಿನ ಮೇಲೆಯೇ ಓಡಬೇಕಾದಾಗ ಅದರ ಸಣ್ಣ ಕಣಗಳು ಲಿಪ್ಪಿನ ಮೆದು ರಬ್ಬರಿನಲ್ಲಿ ನೆಟ್ಟುಕೊಂಡು, ತಿರುಗುವ ಶಾಫ್ಟನ್ನು ಒಂದೇ ಗೆರೆಯಲ್ಲಿ ಉಜ್ಜುತ್ತಿರುತ್ತವೆ. ರಬ್ಬರು ಉಕ್ಕನ್ನು ಸವೆಸುತ್ತದೆ ಎಂದರೆ ನಂಬುವುದು ಕಷ್ಟ, ಆದರೆ ಶಾಫ್ಟಿನ ಮೇಲೆ ಬಿದ್ದ ಗಾಡಿಯೇ (ಸವೆದು ಆದ ತೋಡೇ) ಅದಕ್ಕೆ ಸಾಕ್ಷಿ.

ಎರಡು ಸೀಲುಗಳು ಏಕೆ, ಮುಖ ಯಾವ ಕಡೆಗೆ?

ನನ್ನ ತಲೆಗೆ ಬಹಳ ಹೊತ್ತು ಹತ್ತದೆ ಉಳಿದದ್ದು ಇದೊಂದೇ ಆದ್ದರಿಂದ ವಿಸ್ತಾರವಾಗಿಯೇ ಬರೆಯುತ್ತೇನೆ. ಆಯಿಲ್ ಸೀಲಿನ ಒಂದು ಮಗ್ಗುಲು ಬೋಳಾಗಿರುತ್ತದೆ; ಇನ್ನೊಂದು ಮಗ್ಗುಲಿನಲ್ಲಿ ಲಿಪ್ಪನ್ನು ಸುತ್ತುವರಿದ ತೆಳು ಸ್ಪ್ರಿಂಗ್ ಕಾಣುತ್ತದೆ. ಸ್ಪ್ರಿಂಗ್ ಇರುವ ಮಗ್ಗುಲಿನಿಂದ ಒತ್ತಡ ಬಂದರೆ ಲಿಪ್ ಶಾಫ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಬೋಳು ಮಗ್ಗುಲಿನಿಂದ ಬಂದರೆ ಲಿಪ್ ಎತ್ತಿಕೊಂಡು ದಾರಿ ಬಿಡುತ್ತದೆ. ಅಂದರೆ ಒಂದು ಸೀಲ್ ಒಂದು ದಿಕ್ಕನ್ನು ಮಾತ್ರ ಕಾಯಬಲ್ಲದು. ಆದ್ದರಿಂದಲೇ ಅನೇಕ ಎಂಜಿನ್ನುಗಳಲ್ಲಿ ಎರಡು ಸೀಲುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಕೂರಿಸಿರುತ್ತಾರೆ: ಒಳಗಿನದರ ಸ್ಪ್ರಿಂಗ್ ಎಣ್ಣೆಯ ಕಡೆಗೆ, ಹೊರಗಿನದರ ಸ್ಪ್ರಿಂಗ್ ನೀರಿನ ಕಡೆಗೆ. ಎರಡೂ ಹೊರಮುಖವಾಗಿರುವ ಮಾದರಿಗಳೂ ಉಂಟು. ಆದಕಾರಣ ಹಳೆಯದನ್ನು ಕೀಳುವ ಮೊದಲು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳುವುದು ಅನಿವಾರ್ಯ.

ಎಂಜಿನ್ ಓಡುವಾಗ ಗೇರ್‌ಕೇಸಿನೊಳಗಿನ ಎಣ್ಣೆಯೂ ಅದರ ಮೇಲಿನ ಗಾಳಿಯೂ ಕಾದು ಒಳಗಿನ ಒತ್ತಡ ಏರುತ್ತದೆ. ಆ ಹೊತ್ತಿನಲ್ಲಿ ದುಡಿಯುವುದು ಒಳಗಿನ ಸೀಲ್. ದೋಣಿ ದಡ ಸೇರಿ ಎಂಜಿನ್ ನಿಂತಾಗ ಗೇರ್‌ಕೇಸ್ ನೀರಿನಲ್ಲೇ ತಣ್ಣಗಾಗಿ, ಒಳಗಿನ ಗಾಳಿ ಕುಗ್ಗಿ, ಹೊರಗಿನದನ್ನು ಹೀರಿಕೊಳ್ಳಲು ತೊಡಗುತ್ತದೆ. ಅರ್ಧ ಮೀಟರ್ ಆಳದಲ್ಲಿ ನೀರಿನ ಸ್ವಂತ ಒತ್ತಡ 0.05 ಬಾರ್ ಮಾತ್ರ. ಅದಕ್ಕೆ ಈ ಹೀರುವಿಕೆ ಕೂಡಿದಾಗ ತಡೆಯಬೇಕಾದದ್ದು ಹೊರಗಿನ ಸೀಲ್. ಓಡುವಾಗ ಎಣ್ಣೆ ಸೋರದ ಗೇರ್‌ಕೇಸಿನಲ್ಲಿಯೂ ನೀರು ಸಿಗುವುದು ಇದರಿಂದಲೇ. ದಡ ಸೇರಿದೊಡನೆ ಎಂಜಿನ್ನನ್ನು ಮೇಲಕ್ಕೆತ್ತಿ ನಿಲ್ಲಿಸಿದರೆ ಅದು ನೀರಿನ ಬದಲು ಗಾಳಿಯನ್ನು ಹೀರುತ್ತದೆ. ಹೊಸ ಸೀಲ್ ಸಿಗುವವರೆಗೆ ದಿನ ದೂಡಲು ಇಷ್ಟು ಸಾಕಾಗುತ್ತದೆ.

ಪರೀಕ್ಷೆಯ ಮಾತೂ ಇಲ್ಲಿಂದಲೇ ಹೊರಡುತ್ತದೆ. ಎಣ್ಣೆ ಇಳಿಸಿ, ಪ್ಲಗ್ಗಿನ ರಂಧ್ರಕ್ಕೆ ಗೇಜ್ ಇರುವ ಕೈಪಂಪನ್ನು ಜೋಡಿಸಿ ಗಾಳಿ ತುಂಬುವುದು ಎಲ್ಲರಿಗೂ ಗೊತ್ತಿರುವ ಕ್ರಮ. ಆದರೆ ಒಳಗಿನಿಂದ ತುಂಬಿದ ಗಾಳಿ ಪರೀಕ್ಷಿಸುವುದು ಒಳಗಿನ ಸೀಲನ್ನು ಮಾತ್ರ. ಹೊರಗಿನದು ಹರಿದುಹೋಗಿದ್ದರೂ ಗೇಜಿನ ಮುಳ್ಳು ಅಲುಗುವುದಿಲ್ಲ. ಹೊರಗಿನದನ್ನು ನೋಡಬೇಕಾದರೆ ಗಾಳಿಯನ್ನು ಹೊರಕ್ಕೆ ಎಳೆಯಬೇಕು. ಕಾರಿನ ಬ್ರೇಕ್ ಕೆಲಸದವರ ಬಳಿ ಇರುವ ವ್ಯಾಕ್ಯೂಮ್ ಕೈಪಂಪ್ ಇದಕ್ಕೆ ಸಾಕು. ಗಾಳಿ ತುಂಬುವಾಗಲೂ ಮೊದಲು 3ರಿಂದ 5 ಪಿಎಸ್‌ಐನಲ್ಲಿ ನಿಲ್ಲಿಸಿ ಮುಳ್ಳನ್ನು ಗಮನಿಸಿ, ಆಮೇಲೆ 10ರ ಸುಮಾರಿಗೆ ಏರಿಸಬೇಕು. ಸವೆದ ಲಿಪ್ ಹೆಚ್ಚಿನ ಒತ್ತಡಕ್ಕೆ ಶಾಫ್ಟಿಗೆ ಒತ್ತಿಕೊಂಡು ಸೋರಿಕೆಯನ್ನು ಮುಚ್ಚಿಡುವುದುಂಟು. ಮೇಲಿನ ಮಿತಿಯನ್ನು ಮಾತ್ರ ಆಯಾ ಎಂಜಿನ್ನಿನ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು.

ಶಾಫ್ಟಿನ ಗಾಡಿ

ಹಳೆಯ ಸೀಲ್ ತೆಗೆದ ಮೇಲೆ ಶಾಫ್ಟನ್ನು ಒರೆಸಿ, ಉಗುರನ್ನು ಉದ್ದಕ್ಕೆ ಎಳೆದು ನೋಡಬೇಕು. ಗೆರೆ ಕಣ್ಣಿಗೆ ಕಂಡರೂ ಉಗುರಿಗೆ ಸಿಗದಿದ್ದರೆ ನುಣುಪಾದ ಎಮರಿ ಹಾಳೆಯಿಂದ ಸುತ್ತಳತೆಯ ದಿಕ್ಕಿನಲ್ಲಿ ಮಾತ್ರ ತಿಕ್ಕಿದರೆ ಸಾಕು. ಉದ್ದಕ್ಕೆ ತಿಕ್ಕಿದರೆ ಪ್ರತಿಯೊಂದು ಗೀರೂ ಲಿಪ್ಪಿನ ಅಡಿಯಲ್ಲಿ ಒಂದು ಕಾಲುವೆಯಾಗುತ್ತದೆ. ಉಗುರು ತಡೆದರೆ ಹೊಸ ಸೀಲ್ ಒಂದರಿಂದಲೇ ಪ್ರಯೋಜನವಿಲ್ಲ. ಇಂಥ ಶಾಫ್ಟಿಗೆ ಹಾಕುವ ತೆಳು ಸ್ಟೇನ್‌ಲೆಸ್ ಸ್ಲೀವಿನ (ಕೊಳವೆಯಂಥ ಕವಚದ) ಗೋಡೆ ಸುಮಾರು 0.28 ಮಿಲಿಮೀಟರ್ ದಪ್ಪವಿರುವುದರಿಂದ ಅದೇ ಅಳತೆಯ ಸೀಲನ್ನು ಮತ್ತೆ ಬಳಸಬಹುದು. ವೆಲ್ಡ್ ತುಂಬಿಸಿ ಲೇತಿನಲ್ಲಿ ತಿರುಗಿಸುವ ಸಲಹೆ ಸುಲಭವಾಗಿ ಸಿಗುತ್ತದೆ, ಆದರೆ ಬಿಸಿಗೆ ಶಾಫ್ಟ್ ಬಾಗುವ ಭಯವಿರುವುದರಿಂದ ನಾನು ಅದನ್ನು ಒಪ್ಪುವುದಿಲ್ಲ.

ನನಗೆ ಮೆಚ್ಚಿಗೆಯಾದದ್ದು ಖರ್ಚಿಲ್ಲದ ಮೂರನೆಯ ದಾರಿ. ಕ್ಯಾರಿಯರಿನ ಗೂಡಿನಲ್ಲಿ ಜಾಗವಿದ್ದರೆ ಸೀಲನ್ನು ಹಳೆಯ ಆಳಕ್ಕಿಂತ ಒಂದೂವರೆ, ಎರಡು ಮಿಲಿಮೀಟರ್ ಹೊರಗೆ ಕೂರಿಸಬೇಕು. ಲಿಪ್ ಆಗ ಗಾಡಿಯನ್ನು ಬಿಟ್ಟು ಸವೆಯದ ಉಕ್ಕಿನ ಮೇಲೆ ಕೂರುತ್ತದೆ. ಎರಡು ಸೀಲುಗಳಿರುವಲ್ಲಿ ಎರಡೂ ಸರಿಯುವುದರಿಂದ, ಹೊರಗಿನದು ಗೂಡಿನ ಅಂಚಿನಿಂದ ಹೊರಬಾರದಂತೆಯೂ, ಪ್ರೊಪೆಲ್ಲರಿನ ಥ್ರಸ್ಟ್ ವಾಷರಿಗೆ ತಗಲದಂತೆಯೂ, ಒಂದರ ಲಿಪ್ ಇನ್ನೊಂದರ ಹಳೆಯ ಗಾಡಿಗೆ ಹೋಗಿ ಬೀಳದಂತೆಯೂ ಮೊದಲೇ ವರ್ನಿಯರ್ ಹಿಡಿದು ಅಳೆಯಬೇಕು.

ಖರೀದಿ, ಜೋಡಣೆ

ಸೀಲಿನ ಮೇಲೆ 25-40-7 ಎಂದಿದ್ದರೆ ಅವು ಕ್ರಮವಾಗಿ ಶಾಫ್ಟಿನ ವ್ಯಾಸ, ಗೂಡಿನ ವ್ಯಾಸ ಮತ್ತು ಅಗಲ, ಮಿಲಿಮೀಟರುಗಳಲ್ಲಿ. ಗಂಗಾವತಿಯಲ್ಲಿ ರೈಸ್ ಮಿಲ್ಲು, ಟ್ರ್ಯಾಕ್ಟರುಗಳಿಗೆ ಬಿಡಿಭಾಗ ಮಾರುವ ಅಂಗಡಿಯಲ್ಲಿ ಅಳತೆ ಹೇಳಿದರೆ ಸೀಲ್ ಸಿಕ್ಕೀತು. ಅದರ ಸ್ಪ್ರಿಂಗ್ ಸಾದಾ ಉಕ್ಕಿನದಾಗಿದ್ದರೆ ನೀರಿನಲ್ಲಿ ತುಕ್ಕು ಹಿಡಿದು ತುಂಡಾಗುತ್ತದೆ, ಆದ್ದರಿಂದ ಹೊರಗಿನ ಸೀಲಿಗೆ ಸ್ಟೇನ್‌ಲೆಸ್ ಸ್ಪ್ರಿಂಗನ್ನೇ ಕೇಳಿ ಪಡೆಯಬೇಕು. ಹೆಚ್ಚು ಬಿಸಿ ತಾಳುವ ದುಬಾರಿ ವೈಟಾನ್ ರಬ್ಬರಿನ ಅಗತ್ಯವಿಲ್ಲ: 25 ಮಿಲಿಮೀಟರ್ ಶಾಫ್ಟ್ ನಿಮಿಷಕ್ಕೆ 2500 ಸುತ್ತು ತಿರುಗಿದರೂ ಅದರ ಮೇಲ್ಮೈ ವೇಗ ಸೆಕೆಂಡಿಗೆ 3.3 ಮೀಟರ್ ಅಷ್ಟೇ, ಅದನ್ನು ನೈಟ್ರೈಲ್ ರಬ್ಬರು ಸಲೀಸಾಗಿ ತಾಳುತ್ತದೆ.

ಸೀಲನ್ನು ಸರಿಯಾದ ವ್ಯಾಸದ ಸಾಕೆಟ್ಟಿನಿಂದ ನೇರವಾಗಿ ಒತ್ತಿ, ಎರಡರ ನಡುವಿನ ಪೊಳ್ಳಿಗೆ ವಾಟರ್‌ಪ್ರೂಫ್ ಗ್ರೀಸ್ ತುಂಬಬೇಕು. ಶಾಫ್ಟಿನ ಸ್ಪ್ಲೈನ್ ಹಲ್ಲುಗಳು ಹೊಸ ಲಿಪ್ಪನ್ನು ಕೊಯ್ಯದಂತೆ ನೀರಿನ ಬಾಟಲಿಯಿಂದ ಕತ್ತರಿಸಿದ ತೆಳು ಪ್ಲಾಸ್ಟಿಕ್ ಪಟ್ಟಿಯನ್ನು ಅವುಗಳಿಗೆ ಸುತ್ತಿ ಕ್ಯಾರಿಯರನ್ನು ಏರಿಸಿ, ಆಮೇಲೆ ಪಟ್ಟಿಯನ್ನು ಎಳೆದುಕೊಳ್ಳಬೇಕು. ಎರಡೂ ಪರೀಕ್ಷೆ ಮುಗಿದ ನಂತರ ಎಣ್ಣೆಯನ್ನು ಕೆಳಗಿನ ರಂಧ್ರದಿಂದ ತುಂಬುತ್ತ ಹೋಗಿ, ಮೇಲಿನ ವೆಂಟ್ ರಂಧ್ರದಲ್ಲಿ ಗುಳ್ಳೆಯಿಲ್ಲದೆ ಹೊರಬಂದಾಗ ಮೊದಲು ಮೇಲಿನ ಪ್ಲಗ್ಗನ್ನೂ ಆಮೇಲೆ ಕೆಳಗಿನದನ್ನೂ ಬಿಗಿಯಬೇಕು. ಮೊದಲ ಓಟ ಮುಗಿಸಿ ಎಂಜಿನ್ನನ್ನು ನೀರಿನಲ್ಲೇ ತಣಿಯಲು ಬಿಟ್ಟು, ಮರುದಿನ ಬೆಳಿಗ್ಗೆ ಡ್ರೈನ್ ಪ್ಲಗ್ಗಿನಿಂದ ಒಂದು ಚಮಚ ಎಣ್ಣೆ ತೆಗೆದು ಗಾಜಿನ ಲೋಟದಲ್ಲಿ ನೋಡಿದರೆ ಹೊರಗಿನ ಸೀಲ್ ಹಿಡಿದಿದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ.