ನೈಟ್‌ಮೇರ್‌ನಲ್ಲಿ ಕುದುರೆ ಇಲ್ಲ

ಇಂಗ್ಲಿಷಿನಲ್ಲಿ ‘ಮೇರ್’ ಅಂದರೆ ಹೆಣ್ಣು ಕುದುರೆ. ಅದಕ್ಕೇ ಕೆಟ್ಟ ಕನಸಿನ ಹೆಸರಾದ ‘ನೈಟ್‌ಮೇರ್’ ಅಂದರೆ ರಾತ್ರಿ ಬರುವ ಕುದುರೆ ಎಂದು ಸುಮ್ನೆ ಬಿಡಿಸಿಬಿಡುತ್ತಾರೆ. ಅದು ತಪ್ಪು. ಹಳೆಯ ಇಂಗ್ಲಿಷಿನಲ್ಲಿ ಕುದುರೆಯ ಪದವೇ ಬೇರೆ, ಈ ‘ಮೇರ್’ ಬೇರೆ. ಇದು ಮಲಗಿದವರ ಎದೆ ಮೇಲೆ ಹತ್ತಿ ಕೂರುವ ದೆವ್ವ. ಕಾಲ ಕಳೆದಂತೆ ಎರಡರ ಉಚ್ಚಾರ ಒಂದಾಯಿತು, ಗೊಂದಲ ಉಳಿಯಿತು.

ಇಂಗ್ಲಿಷಿನ ದಾಯಾದಿ ಭಾಷೆಗಳಲ್ಲಿ ಈ ದೆವ್ವ ‘ಮಾರಾ’ ಎಂಬ ಹೆಸರಲ್ಲಿ ಇನ್ನೂ ಇದೆ. ಕೆಟ್ಟ ಕನಸಿಗೆ ಸ್ವೀಡಿಷರು ‘ಮಾರಾಳ ಕನಸು’ ಅನ್ನುತ್ತಾರೆ, ಡೇನರು ‘ಮಾರಾಳ ಸವಾರಿ’, ಐಸ್‌ಲ್ಯಾಂಡಿನವರು ‘ಮಾರಾಳ ತುಳಿತ’. ಫ್ರೆಂಚರ ‘ಕೋಶ್ಮಾರ್’ ಪದದ ಬಾಲವೂ ಇದೇ ಮಾರಾ. ಡಚ್ಚರು ಮಾತ್ರ ದಾರಿ ತಪ್ಪಿ ತಮ್ಮ ಪದಕ್ಕೆ ಹೆಣ್ಣು ಕುದುರೆಯನ್ನೇ ತಂದು ಕಟ್ಟಿದರು! ಹೆನ್ರಿ ಫ್ಯೂಸೆಲಿ 1781ರಲ್ಲಿ ಬರೆದ ‘ದ ನೈಟ್‌ಮೇರ್’ ಚಿತ್ರದಲ್ಲಂತೂ ಎರಡೂ ಇವೆ. ಮಲಗಿದ ಹೆಂಗಸಿನ ಎದೆ ಮೇಲೆ ಕುಳ್ಳ ಪಿಶಾಚಿ, ಪರದೆಯ ಸಂದಿಯಲ್ಲಿ ಕುದುರೆಯ ಮುಖ.

ನನಗೆ ಅಚ್ಚರಿಯಾಗುವುದು ಆ ಹಳಬರ ಗಮನ. ಅವರು ಹೆಸರಿಟ್ಟದ್ದು ಕನಸಿಗಲ್ಲ, ಎದೆ ಮೇಲಿನ ಭಾರಕ್ಕೆ. ನನಗೂ ಒಮ್ಮೆ ಹಾಗಾಗಿತ್ತು. ಕಣ್ಣು ಬಿಟ್ಟಿದ್ದೆ, ಫ್ಯಾನ್ ತಿರುಗುವುದು ಕಾಣುತ್ತಿತ್ತು, ಕಿರುಬೆರಳೂ ಅಲ್ಲಾಡಲಿಲ್ಲ. ಯಾರೋ ಎದೆ ಒತ್ತುತ್ತಿದ್ದರು.

ಕನಸು ಜೋರಾಗಿ ಬೀಳುವ ನಿದ್ದೆಯಲ್ಲಿ ಮಿದುಳಿನ ಬುಡ ಮೈಯ ಸ್ನಾಯುಗಳನ್ನು ಸಡಿಲ ಬಿಡುತ್ತದೆ. ಕ್ಲಚ್ ಒತ್ತಿದ ಬೈಕಿನ ಹಾಗೆ: ಎಂಜಿನ್ ಎಷ್ಟೇ ಗುಡುಗಿದರೂ ಚಕ್ರಕ್ಕೆ ಬಲ ಹೋಗಲ್ಲ. ಇಲ್ಲದಿದ್ದರೆ ಕನಸಿನಲ್ಲಿ ಓಡುವಾಗ ಮಂಚದಿಂದ ಬೀಳುತ್ತಿದ್ದೆವು, ಅಲ್ವಾ? ಕೆಲವೊಮ್ಮೆ ಕ್ಲಚ್ ಬಿಡುವ ಮೊದಲೇ ಎಚ್ಚರವಾಗುತ್ತದೆ. ಮನೆಯವರು ಎದ್ದಿದ್ದಾರೆ, ಬಾಗಿಲ ಚಿಲಕ ಇನ್ನೂ ತೆಗೆದಿಲ್ಲ. ಕಣ್ಣಿನ ಸ್ನಾಯುಗಳಿಗೆ ಮಾತ್ರ ಈ ಚಿಲಕ ಇಲ್ಲ, ಅದಕ್ಕೇ ಕೋಣೆಯೆಲ್ಲ ಕಾಣುತ್ತದೆ. ಎದೆಗೂಡಿನ ಕೆಳಗಿನ ವಪೆ ಉಸಿರಾಟ ನಡೆಸುತ್ತಲೇ ಇರುತ್ತದೆ. ಆದರೆ ಪಕ್ಕೆಲುಬಿನ ಸ್ನಾಯುಗಳು ಸಡಿಲ. ಹೆದರಿ ಉದ್ದಕ್ಕೆ ಉಸಿರೆಳೆಯಲು ನೋಡುತ್ತೀರಿ, ಎದೆ ಏಳುವುದಿಲ್ಲ. ಅದೇ ಆ ಭಾರ. ಅರ್ಧ ಉಳಿದ ಕನಸು ಅದಕ್ಕೊಂದು ಮುಖ ಅಂಟಿಸುತ್ತದೆ.

ಇದಕ್ಕೆ ತಾಯತ ಕಟ್ಟಿಸುವವರನ್ನು ನೋಡಿದಾಗ ಬೇಜಾರಾಗುತ್ತದೆ. ಇದು ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತಾನೇ ಬಿಡುತ್ತದೆ. ಎಷ್ಟೋ ಜನರಿಗೆ ಜೀವನದಲ್ಲಿ ಒಂದೆರಡು ಸಲ ಆಗಿ ಮತ್ತೆ ಬರುವುದೇ ಇಲ್ಲ. ಹೆಸರು ಮಾತ್ರ ತಾಯತಕ್ಕೆ.